ಮಧ್ಯಯುಗದ ಯುರೋಪಿನ ರೈತ: ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯಯುಗದ ಯುರೋಪ್ ಎಂದ ಕೂಡಲೇ ಮಾತು ಕೋಟೆ, ಕುದುರೆ, ಧರ್ಮಯುದ್ಧಗಳ ಕಡೆಗೆ ಹೊರಳುತ್ತದೆ. ಆದರೆ ಆ ಕಾಲದ ಹತ್ತು ಜನರಲ್ಲಿ ಎಂಟೊಂಬತ್ತು ಮಂದಿ ಮಣ್ಣಿನಲ್ಲಿ ದುಡಿದವರು. ಅವರ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಉದಾಹರಣೆಗಳಲ್ಲಿ ಇಂಗ್ಲೆಂಡಿನ ಪಾಲು ಹೆಚ್ಚು. ಹಳ್ಳಿಯ ದಾಖಲೆಗಳು ಅಲ್ಲಿ ಉಳಿದಷ್ಟು ಬೇರೆ ಕಡೆ ಉಳಿದಿಲ್ಲ.

## ಮೊದಲು ತಿಳಿಯಬೇಕಾದದ್ದು

ಮಧ್ಯಯುಗ ಅಂದರೆ ಯಾವಾಗಿನಿಂದ ಯಾವಾಗಿನವರೆಗೆ?

476ರಲ್ಲಿ ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಪದಚ್ಯುತನಾದಲ್ಲಿಂದ ಶುರುಮಾಡಿ, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದಲ್ಲಿಗೋ 1492ರ ಕೊಲಂಬಸನ ಯಾನಕ್ಕೋ ಮುಗಿಸುವುದು ಪಠ್ಯಪುಸ್ತಕದ ರೂಢಿ. ರೈತನ ಮಟ್ಟಿಗೆ ಈ ಇಸವಿಗಳಿಗೆ ಅರ್ಥವಿಲ್ಲ. ಮಧ್ಯೆ ಚರ್ಚು, ಸುತ್ತ ಮನೆಗಳು, ಆಚೆಗೆ ಪಟ್ಟಿಪಟ್ಟಿಯಾಗಿ ಹಂಚಿಕೊಂಡ ಬಯಲು ಹೊಲಗಳು ಇರುವ ಹಳ್ಳಿ ರೂಪುಗೊಂಡದ್ದು ಹೆಚ್ಚುಕಡಿಮೆ 9ರಿಂದ 12ನೇ ಶತಮಾನಗಳ ನಡುವೆ. ಇಲ್ಲಿನ ಮಾತೆಲ್ಲ ಮುಖ್ಯವಾಗಿ 1000ದಿಂದ 1500ರವರೆಗಿನದು.

ಅದು ಕತ್ತಲ ಯುಗ ಅಂತ ಶಾಲೆಯಲ್ಲಿ ಓದಿದ್ದೇವೆ. ನಿಜವಾ?

ಅಲ್ಲ. ಆ ಮಾತಿಗೆ ಬೀಜ ಹಾಕಿದವನು 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್. ಪ್ರಾಚೀನ ರೋಮನ್ನು ಆರಾಧಿಸುತ್ತಿದ್ದ ಅವನಿಗೆ ನಡುವಿನ ಶತಮಾನಗಳೆಲ್ಲ ಕತ್ತಲಾಗಿ ಕಂಡವು. ಹಳ್ಳಿಯ ಕಡೆಯಿಂದ ನೋಡಿ: 1000ದಿಂದ 1300ರ ನಡುವೆ ಯುರೋಪಿನ ಜನಸಂಖ್ಯೆ ಸುಮಾರು ಎರಡು ಪಟ್ಟಾಯಿತು. ಕಾಡು ಕಡಿದು, ಜೌಗು ಬಸಿದು ಹೊಸ ಹೊಲಗಳೆದ್ದವು. 1086ರ ಹೊತ್ತಿಗೆ ಇಂಗ್ಲೆಂಡ್ ಒಂದರಲ್ಲೇ ಸುಮಾರು 6,000 ನೀರಿನ ಗಿರಣಿಗಳಿದ್ದವು, ಇನ್ನು ನೂರು ವರ್ಷಕ್ಕೆ ಗಾಳಿ ಗಿರಣಿಗಳೂ ಬಂದವು. ಇದನ್ನೆಲ್ಲ ಕಟ್ಟಿದ ಕೈಗಳು ಯಾರವು ಎಂದು ಕೇಳದೆ 'ಕತ್ತಲು' ಎಂದುಬಿಡುವುದು ಅನ್ಯಾಯ.

ಮ್ಯಾನರ್ ಅಂದರೆ ಹಳ್ಳಿನಾ? ಯಾರ ಊರು ಅದು?

ಮ್ಯಾನರ್ ಎಂದರೆ ಒಬ್ಬ ಒಡೆಯನ ಆಸ್ತಿಯ ಘಟಕ. ಒಡೆಯ ಒಬ್ಬ ನೈಟ್ ಆಗಿರಬಹುದು, ರಾಜನೇ ಆಗಿರಬಹುದು, ಬಿಷಪ್ ಅಥವಾ ಮಠವೂ ಆಗಿರಬಹುದು. ಕೆಲವೆಡೆ ಒಂದು ಹಳ್ಳಿಯೇ ಒಂದು ಮ್ಯಾನರ್. ಇನ್ನು ಕೆಲವೆಡೆ ಒಂದೇ ಹಳ್ಳಿ ಎರಡು ಮೂರು ಒಡೆಯರ ನಡುವೆ ಹಂಚಿಹೋಗಿರುತ್ತಿತ್ತು, ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಧಣಿಗಳಿಗೆ ದುಡಿಯುತ್ತಿದ್ದರು. ಭೂಮಿಯ ಒಂದು ಭಾಗ ಒಡೆಯನ ಸ್ವಂತ ಸಾಗುವಳಿಗೆ, ಉಳಿದದ್ದು ರೈತರ ಕೈಗೆ. ಹುಲ್ಲುಗಾವಲು, ಕಾಡು, ಗೋಮಾಳಗಳಲ್ಲಿ ಊರವರಿಗೆ ಪಾಲಿತ್ತು, ಆದರೆ ಎಷ್ಟು ದನ ಬಿಡಬಹುದು, ಎಷ್ಟು ಸೌದೆ ತರಬಹುದು ಎಂಬುದಕ್ಕೆ ಕಟ್ಟುಪಾಡಿತ್ತು. ದಿನನಿತ್ಯದ ಮೇಲ್ವಿಚಾರಣೆಗೆ ರೀವ್ ಎಂಬವನಿರುತ್ತಿದ್ದ. ಅವನು ಹೊರಗಿನ ಅಧಿಕಾರಿಯಲ್ಲ. ಸಾಮಾನ್ಯವಾಗಿ ಬಿಟ್ಟಿಗೆ ಒಳಪಟ್ಟ ರೈತರೇ ತಮ್ಮೊಳಗಿಂದ ಆರಿಸಿದವನು. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕಾದವನೂ ಅವನೇ, ಕೊರತೆ ಬಿದ್ದರೆ ತುಂಬಿಕೊಡಬೇಕಾದವನೂ ಅವನೇ.

ಜೀತದಾಳಿಗೂ ಈ ಸರ್ಫ್‌ಗೂ ಏನು ವ್ಯತ್ಯಾಸ?

ಜೀತದಾಳನ್ನು ಕಟ್ಟಿಹಾಕುವುದು ಸಾಲ. ಸರ್ಫ್‌ನನ್ನು, ಅಂದರೆ ಒಡೆಯನ ಭೂಮಿಗೆ ಅಂಟಿಕೊಂಡ ರೈತನನ್ನು, ಕಟ್ಟಿಹಾಕಿದ್ದು ಹುಟ್ಟು. ಇಂಗ್ಲೆಂಡಿನಲ್ಲಿ ಇಂಥವನನ್ನು ವಿಲನ್ ಎನ್ನುತ್ತಿದ್ದರು. ಅವನು ಗುಲಾಮನೂ ಅಲ್ಲ: ತನ್ನ ಮನೆ, ದನ, ಹೊಲ ಅವನಿಗಿತ್ತು, ಅದು ಮಗನಿಗೆ ಇಳಿಯುತ್ತಿತ್ತು. ಆದರೆ ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ, ಒಡೆಯನ ಮೇಲೆ ರಾಜನ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಅದಕ್ಕೂ ಹಿಂದೆ ನಿಜವಾದ ಗುಲಾಮರೂ ಇದ್ದರು. 1086ರ ಇಂಗ್ಲಿಷ್ ಗಣತಿಯಲ್ಲಿ ದಾಖಲಾದವರಲ್ಲಿ ಹತ್ತಕ್ಕೊಬ್ಬರು ಗುಲಾಮರು. ಮುಂದಿನ ನೂರು ನೂರೈವತ್ತು ವರ್ಷಗಳಲ್ಲಿ ಅಲ್ಲಿ ಗುಲಾಮಗಿರಿ ಕರಗಿ, ಅದರ ಜಾಗದಲ್ಲಿ ವಿಲನ್ ಸ್ಥಿತಿ ಗಟ್ಟಿಯಾಯಿತು. ಎಲ್ಲ ರೈತರೂ ಹೀಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಕೆಂಟ್ ಪ್ರಾಂತ್ಯದಲ್ಲಿ ವಿಲನ್ ಸ್ಥಿತಿಯೇ ಇರಲಿಲ್ಲ. ಉತ್ತರ ಸಮುದ್ರದ ದಂಡೆಯ ಫ್ರೀಸಿಯಾದಲ್ಲಿ, ಆಲ್ಪ್ಸ್‌ನ ಕಣಿವೆಗಳಲ್ಲಿ ಸ್ವತಂತ್ರ ರೈತರಿದ್ದರು.

ಒಡೆಯನಿಗೆ ರೈತ ಏನೇನು ಕೊಡಬೇಕಿತ್ತು? ಪಟ್ಟಿ ಹೇಳಿ.

ಊರಿಂದ ಊರಿಗೆ ಬೇರೆ. ಸುಮಾರು 30 ಎಕರೆ ಹೊಂದಿದ 13ನೇ ಶತಮಾನದ ಇಂಗ್ಲಿಷ್ ವಿಲನ್‌ನ ಲೆಕ್ಕ ಹೀಗಿರುತ್ತಿತ್ತು. ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಮೆ. ಸುಗ್ಗಿಯಲ್ಲಿ ಅದರ ಮೇಲೆ ಹೆಚ್ಚುವರಿ ದಿನಗಳು; ಆ ದಿನಗಳಲ್ಲಿ ಊಟ ಒಡೆಯನದು, ಊಟದ ಜೊತೆ ಎಲ್ (ಬಿಯರಿನಂಥ ಪೇಯ) ಕೊಡುವ ದಿನ ಯಾವುದು, ಕೊಡದ ದಿನ ಯಾವುದು ಎಂಬುದನ್ನೂ ಕೆಲವು ಮ್ಯಾನರ್‌ಗಳಲ್ಲಿ ಬರೆದಿಟ್ಟಿದ್ದಾರೆ. ಮಗಳ ಮದುವೆಗೆ ಒಡೆಯನಿಗೆ ಶುಲ್ಕ. ಮಗನನ್ನು ಪಾದ್ರಿಯ ಓದಿಗೆ ಕಳಿಸಲು ಅಪ್ಪಣೆ, ಅದಕ್ಕೂ ಹಣ. ಊರಾಚೆ ಹೋಗಿ ನೆಲೆಸಲು ವರ್ಷವರ್ಷ ಕಾಣಿಕೆ. ಕಾಳು ಬೀಸುವುದು ಒಡೆಯನ ಗಿರಣಿಯಲ್ಲೇ, ಹಿಟ್ಟಿನಲ್ಲಿ ಅವನಿಗೊಂದು ಪಾಲು. ಜೊತೆಗೆ ಚರ್ಚಿಗೆ ಬೆಳೆಯ ಹತ್ತನೇ ಒಂದು ಭಾಗ. ರೈತ ಸತ್ತ ದಿನ ಕೊಟ್ಟಿಗೆಯ ಅತ್ಯುತ್ತಮ ದನ ಒಡೆಯನಿಗೆ, ಎರಡನೆಯದು ಪಾದ್ರಿಗೆ. ಅಂದರೆ ಯಜಮಾನನನ್ನು ಕಳೆದುಕೊಂಡ ದಿನವೇ ಮನೆ ಎತ್ತುಗಳನ್ನೂ ಕಳೆದುಕೊಳ್ಳುತ್ತಿತ್ತು. ಈ ಪಟ್ಟಿಯಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವುದು ಈ ಕೊನೆಯದು.

## ಹೊಲ, ಮನೆ, ಊಟ

ಎಂಟು ಎತ್ತು ಕಟ್ಟಿ ಉಳುತ್ತಿದ್ದರಂತೆ. ಅಷ್ಟೊಂದು ಯಾಕೆ ಬೇಕು?

ಮಣ್ಣಿಗಾಗಿ. ಮೆಡಿಟರೇನಿಯನ್ ಕಡೆಯ ಹಗುರ, ಒಣ ಮಣ್ಣಿಗೆ ನೆಲ ಗೀರುವ ಸಣ್ಣ ನೇಗಿಲು ಸಾಕಿತ್ತು. ಆಲ್ಪ್ಸ್‌ನ ಉತ್ತರಕ್ಕೆ ಮಳೆ ಹೆಚ್ಚು, ಜೇಡಿಮಣ್ಣು ಭಾರ. ಅಲ್ಲಿ ಮುಂದೆ ಮಣ್ಣು ಸೀಳುವ ಕಬ್ಬಿಣದ ಅಲಗು, ನಡುವೆ ಗುಳ, ಹಿಂದೆ ಮಣ್ಣನ್ನು ಮಗುಚಿ ಹಾಕುವ ಹಲಗೆ ಇರುವ ಭಾರೀ ನೇಗಿಲು ಬಂತು. ದಾಖಲೆಗಳ ಲೆಕ್ಕದಲ್ಲಿ ಒಂದು ನೇಗಿಲಿಗೆ ಎಂಟು ಎತ್ತು. ವಾಸ್ತವದಲ್ಲಿ ನಾಲ್ಕು, ಆರು ಕಟ್ಟಿಯೂ ಉಳುತ್ತಿದ್ದರು. ಎಂಟು ಎತ್ತು ಒಬ್ಬ ರೈತನ ಬಳಿ ಎಲ್ಲಿಂದ ಬರಬೇಕು? ಇವನದೊಂದು ಜೋಡಿ, ಅವನದೊಂದು ಜೋಡಿ ಸೇರಿಸಿ ಮುಯ್ಯಾಳಿನ ರೀತಿಯಲ್ಲಿ ಉತ್ತರು. ಅಷ್ಟುದ್ದದ ಎತ್ತಿನ ಸಾಲನ್ನು ಪದೇ ಪದೇ ತಿರುಗಿಸುವುದು ಕಷ್ಟ, ಹಾಗಾಗಿ ಹೊಲಗಳು ಉದ್ದುದ್ದ ಪಟ್ಟಿಗಳಾದವು. ಇಂಗ್ಲೆಂಡಿನ ಮಧ್ಯಭಾಗದ ಹುಲ್ಲುಗಾವಲುಗಳಲ್ಲಿ ಸಂಜೆಯ ಓರೆ ಬಿಸಿಲು ಬಿದ್ದಾಗ ಆ ಕಾಲದ ಉಳುಮೆಯ ಏರುತಗ್ಗುಗಳು ಇಂದಿಗೂ ಕಾಣುತ್ತವೆ.

ಬೆಳೆಯ ಸರದಿ ಹೀಗೆ: ಊರ ಬಯಲನ್ನು ಮೂರು ಮಾಡಿ, ಒಂದರಲ್ಲಿ ಚಳಿಗಾಲದ ಗೋಧಿ ಅಥವಾ ರೈ, ಇನ್ನೊಂದರಲ್ಲಿ ವಸಂತದ ಬಾರ್ಲಿ, ಓಟ್ಸ್, ಬಟಾಣಿ, ಮೂರನೆಯದು ಬೀಳು. ಬೀಳಿನಲ್ಲಿ ಊರ ದನಕುರಿ ಮೇಯ್ದು ಗೊಬ್ಬರ ಹಾಕುತ್ತಿದ್ದವು. ಇಷ್ಟೆಲ್ಲ ಮಾಡಿಯೂ ಒಂದು ಸೇರು ಗೋಧಿ ಬಿತ್ತಿದರೆ ಬರುತ್ತಿದ್ದದ್ದು ಮೂರು ನಾಲ್ಕು ಸೇರು. ಅದರಲ್ಲಿ ಒಂದು ಸೇರು ಮುಂದಿನ ಬಿತ್ತನೆಗೆ ಎತ್ತಿಡಬೇಕು. ಮಧ್ಯಯುಗದ ರೈತನ ಎಲ್ಲ ಕಷ್ಟಗಳ ಬುಡದಲ್ಲಿ ಈ ಅಂಕಿ ಇದೆ.

ಏನು ತಿನ್ನುತ್ತಿದ್ದರು? ನಮ್ಮ ಕರಿಮೆಣಸು ಅವರಿಗೆ ಸಿಗುತ್ತಿತ್ತಾ?

ರೈ, ಬಾರ್ಲಿ, ಅಥವಾ ಗೋಧಿ ರೈ ಬೆರೆಸಿ ಬೆಳೆದ ಹಿಟ್ಟಿನ ಕಪ್ಪು ರೊಟ್ಟಿ. ಬಟಾಣಿ, ಬೀನ್ಸ್ ಕಾಳು, ಕೋಸು, ಈರುಳ್ಳಿ ಹಾಕಿ ಬೇಯಿಸಿದ ಗಂಜಿಯಂಥ ಪೊಟೇಜ್. ಬಾರ್ಲಿಯಿಂದ ಮಾಡಿದ ಎಲ್. ಆಗೀಗ ಚೀಸ್, ಮೊಟ್ಟೆ, ಉಪ್ಪು ಹಚ್ಚಿಟ್ಟ ಹಂದಿಮಾಂಸ. ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ, ಮೆಣಸಿನಕಾಯಿ ಯಾವುದೂ ಇಲ್ಲ, ಅವೆಲ್ಲ ಅಮೆರಿಕದವು, 1492ರ ನಂತರ ಬಂದವು. ಆ ಕಾಲಕ್ಕೆ ನಮ್ಮಲ್ಲೂ ಮೆಣಸಿನಕಾಯಿ ಇರಲಿಲ್ಲ, ಖಾರಕ್ಕೆ ಕರಿಮೆಣಸೇ.

ಆ ಕರಿಮೆಣಸು ಭಾರತದ ಪಶ್ಚಿಮ ಕರಾವಳಿಯಿಂದ ಹಡಗೇರಿ, ಕೆಂಪು ಸಮುದ್ರ ದಾಟಿ, ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್ ವರ್ತಕರ ಕೈ ಸೇರುತ್ತಿತ್ತು. ಲಂಡನ್‌ನಲ್ಲಿ 1180ರಷ್ಟು ಹಿಂದೆಯೇ ಮೆಣಸಿನ ವ್ಯಾಪಾರಿಗಳ ಸಂಘವಿತ್ತು. ಶ್ರೀಮಂತರ ಅಡುಗೆಮನೆಗೆ ಅದು ಧಾರಾಳವಾಗಿ ಹೋಗುತ್ತಿತ್ತು. ಹಳ್ಳಿಯ ಗಡಿಗೆಗೆ ಬಿದ್ದದ್ದು ಅಪರೂಪ.

ವರ್ಷಕ್ಕೆ 150 ದಿನ ಮಾತ್ರ ಕೆಲಸ ಮಾಡ್ತಿದ್ದರಂತೆ, ನಮಗಿಂತ ಸುಖವಾಗಿದ್ದರು ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು.

ಆ ಸಂಖ್ಯೆಯನ್ನು ನಂಬಬೇಡಿ. ಹಬ್ಬಗಳು ಹೆಚ್ಚಿದ್ದದ್ದು ನಿಜ. ಭಾನುವಾರಗಳ ಜೊತೆ ಸಂತರ ದಿನಗಳು ಸೇರಿ ವರ್ಷಕ್ಕೆ ತೊಂಬತ್ತರ ಆಸುಪಾಸು ಬಿಡುವಿನ ದಿನಗಳಾಗುತ್ತಿದ್ದವು. ಆದರೆ 150 ಎಂಬಂಥ ಲೆಕ್ಕಗಳು ಹುಟ್ಟುವುದು ಒಡೆಯನಿಗೆ ಅಥವಾ ಕೂಲಿಗೆ ದುಡಿದ ದಿನಗಳನ್ನು ಮಾತ್ರ ಎಣಿಸಿದಾಗ. ಸ್ವಂತ ಹೊಲ, ದನದ ಮೇವು, ಹಾಲು ಕರೆಯುವುದು, ಸೌದೆ, ನೂಲು, ಬೇಲಿ, ಮನೆಯ ಮಾಡು ಇವು ಯಾವ ಲೆಕ್ಕದ ಸುರುಳಿಯಲ್ಲೂ ಬರುವುದಿಲ್ಲ. ಹಸು ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹಬ್ಬದ ದಿನವೂ ಹಾಲು ಕರೆಯಲೇಬೇಕು.

ಮೂವತ್ತಕ್ಕೇ ಸಾಯುತ್ತಿದ್ದರಾ?

ಹುಟ್ಟಿದ ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದರೆ ಮೂವತ್ತರ ಆಸುಪಾಸು ಬರುತ್ತದೆ. ಅದಕ್ಕೆ ಕಾರಣ ಮಕ್ಕಳ ಸಾವು. ಇಪ್ಪತ್ತು ದಾಟಿದವರು ನಲವತ್ತೈದು, ಐವತ್ತರವರೆಗೆ ಬದುಕುವುದು ಸಾಮಾನ್ಯವಿತ್ತು, ಅರವತ್ತು ಎಪ್ಪತ್ತರ ಮುದುಕರೂ ಇದ್ದರು. ಮುದುಕನಾದ ಅಪ್ಪ ಹೊಲವನ್ನು ಮಗನಿಗೆ ಬಿಟ್ಟುಕೊಟ್ಟು, ಬದಲಿಗೆ ತನಗೆ ಒಲೆಯ ಪಕ್ಕ ಜಾಗ, ವರ್ಷಕ್ಕಿಷ್ಟು ಕಾಳು, ಬಟ್ಟೆ ಕೊಡಬೇಕೆಂದು ಮ್ಯಾನರ್‌ನ ನ್ಯಾಯಸಭೆಯಲ್ಲಿ ಬರೆಸಿಕೊಂಡ ಕರಾರುಗಳು ಉಳಿದಿವೆ.

ಹೆಂಗಸರ ಬಗ್ಗೆ ಯಾರೂ ಬರೆಯೋದಿಲ್ಲವಲ್ಲ, ಅವರೇನು ಮಾಡುತ್ತಿದ್ದರು?

ಹಿಂದೆ ಬರೆದವರು ಹುಡುಕಲಿಲ್ಲ, ಅಷ್ಟೇ. ದಾಖಲೆಗಳಲ್ಲಿ ಅವರಿದ್ದಾರೆ, ಹೆಚ್ಚಾಗಿ ದಂಡ ಕಟ್ಟಿದವರ ಪಟ್ಟಿಯಲ್ಲಿ. ಎಲ್ ಕುದಿಸಿ ಮಾರುವುದು ಹಳ್ಳಿಯಲ್ಲಿ ಬಹುತೇಕ ಹೆಂಗಸರ ಕಸುಬು. ಅದು ಎರಡು ಮೂರು ದಿನಕ್ಕೇ ಹುಳಿಯಾಗುವ ಪೇಯ, ಹಾಗಾಗಿ ಇವತ್ತು ಇವಳ ಮನೆಯಲ್ಲಿ, ನಾಳೆ ಅವಳ ಮನೆಯಲ್ಲಿ. 13ನೇ ಶತಮಾನದಲ್ಲಿ ಅದರ ಬೆಲೆ ಮತ್ತು ಗುಣಮಟ್ಟಕ್ಕೆ ರಾಜಾಜ್ಞೆ ಬಂದ ಮೇಲೆ ಅದೇ ಹೆಂಗಸರು ಮತ್ತೆ ಮತ್ತೆ ಸಣ್ಣ ದಂಡ ಕಟ್ಟಿದ್ದನ್ನು ನೋಡುತ್ತೇವೆ. ಅದು ಶಿಕ್ಷೆಗಿಂತ ಪರವಾನಗಿ ಶುಲ್ಕದಂತೆ ನಡೆಯುತ್ತಿತ್ತು.

ಕಳೆ ಕೀಳುವುದು, ಕುಯ್ಲು, ಹಾಲು, ಚೀಸ್, ಕೋಳಿ, ನೂಲು ಎಲ್ಲದರಲ್ಲೂ ಹೆಂಗಸರ ಕೈ ಇತ್ತು. ಚರಕ 13ನೇ ಶತಮಾನದ ಕೊನೆಗೆ ಬರುವವರೆಗೆ ನೂಲು ತೆಗೆದದ್ದು ಕದಿರಿನಿಂದ, ನಡೆಯುತ್ತಾ ಕೂಡ. ಸುಗ್ಗಿಯ ನಂತರ ಹಕ್ಕಲು ಆಯುವ ಹಕ್ಕು ಬಡವರಿಗೆ, ಮುದುಕರಿಗೆ. ಅದರ ಮೇಲೂ ಊರು ಕಣ್ಣಿಡುತ್ತಿತ್ತು: ಮೈಯಲ್ಲಿ ಶಕ್ತಿಯಿರುವವರು ಕೂಲಿಗೆ ಹೋಗಬೇಕು, ಹಕ್ಕಲಿಗಲ್ಲ. ವಿಧವೆಗೆ ಗಂಡನ ಭೂಮಿಯ ಮೂರನೇ ಒಂದು ಅಥವಾ ಅರ್ಧ, ಕೆಲವೆಡೆ ಪೂರ್ತಿ, ಅವಳ ಜೀವಮಾನದವರೆಗೆ. ಹೊಲ ಹಿಡಿದ ವಿಧವೆ ನ್ಯಾಯಸಭೆಯಲ್ಲಿ ತನ್ನ ಹೆಸರಲ್ಲೇ ನಿಲ್ಲುತ್ತಿದ್ದಳು.

## ಕಟ್ಟಳೆ ಮತ್ತು ಜಗಳ

ಮದುವೆಯ ಮೊದಲ ರಾತ್ರಿ ಒಡೆಯನಿಗೆ ಹಕ್ಕಿತ್ತು ಅನ್ನೋದು ಸಿನಿಮಾದಲ್ಲಿ ನೋಡಿದ್ದು. ನಿಜವಾ?

ಯುರೋಪಿನಾದ್ಯಂತ ಜಾರಿಯಲ್ಲಿದ್ದ ಕಾನೂನು ಎಂಬುದಕ್ಕೆ ಆಧಾರವಿಲ್ಲ. ನಿಜವಾಗಿ ಇದ್ದದ್ದು ಮದುವೆ ಶುಲ್ಕ. ಆದರೆ ಒಂದು ದಾಖಲೆ ಯೋಚನೆಗೆ ಹಚ್ಚುತ್ತದೆ. ಇಂದಿನ ಸ್ಪೇನಿನ ಕ್ಯಾಟಲೋನಿಯಾದ ರೈತರ ದಂಗೆಯ ನಂತರ 1486ರಲ್ಲಿ ರಾಜ ಫರ್ಡಿನಾಂಡ್ ಕೊಟ್ಟ ಗ್ವಾಡಲೂಪೆ ತೀರ್ಪು ಒಡೆಯರ ಹಲವು ದುಷ್ಟ ಪದ್ಧತಿಗಳನ್ನು ರದ್ದು ಮಾಡುತ್ತಾ, ಮದುವೆಯ ರಾತ್ರಿ ಒಡೆಯ ರೈತನ ಹೆಂಡತಿಯೊಂದಿಗೆ ಮಲಗುವಂತಿಲ್ಲ, ಒಡೆತನದ ಗುರುತಾಗಿ ಅವಳ ಹಾಸಿಗೆ ದಾಟುವಂತೆಯೂ ಇಲ್ಲ ಎನ್ನುತ್ತದೆ. ಹಕ್ಕು ಎಂದು ಬರೆದಿಟ್ಟದ್ದಿರಲಿಲ್ಲ. ಅವಮಾನ ಮತ್ತು ದೌರ್ಜನ್ಯಗಳ ನೆನಪು ಮಾತ್ರ ಗಟ್ಟಿಯಾಗಿತ್ತು.

ಓಡಿಹೋಗಬಹುದಿತ್ತಲ್ಲ?

ಹೋಗುತ್ತಿದ್ದರು. ಅನೇಕ ಪಟ್ಟಣಗಳಲ್ಲಿ ಒಂದು ವರ್ಷದ ಮೇಲೆ ಒಂದು ದಿನ ಯಾರ ಕೈಗೂ ಸಿಗದೆ ಬದುಕಿದರೆ ಸ್ವತಂತ್ರ ಎಂಬ ಕಟ್ಟಳೆಯಿತ್ತು. ಎಲ್ಬೆ ನದಿಯ ಪೂರ್ವಕ್ಕೆ ಹೊಸ ಊರು ಕಟ್ಟುವವರು 12, 13ನೇ ಶತಮಾನಗಳಲ್ಲಿ ಕಡಿಮೆ ಕಂದಾಯದ ಆಸೆ ತೋರಿಸಿ ರೈತರನ್ನು ಕರೆಯುತ್ತಿದ್ದರು. ಆದರೂ ಹೊಲ, ಮನೆ, ನೆಂಟರನ್ನು ಬಿಟ್ಟು ಬರಿಗೈಯಲ್ಲಿ ಹೋಗುವುದು ಸುಲಭವಲ್ಲ. ಪ್ಲೇಗ್ ಬಂದು ಎಲ್ಲೆಲ್ಲೂ ಆಳುಗಳ ಕೊರತೆಯಾದ ಮೇಲೆ ಓಡಿಹೋಗುವುದು ನಿಜವಾದ ಅಸ್ತ್ರವಾಯಿತು.

ಮನೇಲಿ ಬೀಸುವ ಕಲ್ಲು ಇಟ್ಟುಕೊಳ್ಳೋದೂ ಅಪರಾಧವಾಗಿತ್ತಂತೆ! ನಂಬೋದು ಹೇಗೆ?

ನಂಬಬೇಕು, ಇದು ಹೆಸರು ಊರು ಸಹಿತ ದಾಖಲಾಗಿದೆ. ಲಂಡನ್‌ನ ಉತ್ತರಕ್ಕೆ ಸೇಂಟ್ ಆಲ್ಬನ್ಸ್ ಎಂಬ ಊರು, ಅಲ್ಲೊಂದು ದೊಡ್ಡ ಮಠ. ಊರೆಲ್ಲ ಮಠದ ಒಡೆತನದಲ್ಲಿ, ಗಿರಣಿಯೂ ಮಠದ್ದೇ. ಜನ ಗಿರಣಿಯ ಪಾಲು ತಪ್ಪಿಸಲು ಮನೆಯಲ್ಲೇ ಬೀಸತೊಡಗಿದರು. 1330ರ ಸುಮಾರಿಗೆ ಮಠಾಧಿಪತಿ ವಾಲಿಂಗ್‌ಫರ್ಡ್‌ನ ರಿಚರ್ಡ್ ಆ ಕಲ್ಲುಗಳನ್ನು ಜಪ್ತಿ ಮಾಡಿಸಿ ಮಠದ ಕೋಣೆಯೊಂದರ ನೆಲಕ್ಕೆ ಹಾಸಿಸಿದ. ಈ ರಿಚರ್ಡ್ ಸಾಮಾನ್ಯನಲ್ಲ, ಆ ಕಾಲದ ದೊಡ್ಡ ಗಣಿತಜ್ಞ. ಸೂರ್ಯ ಚಂದ್ರರ ಗತಿ ತೋರಿಸುವ ಗಡಿಯಾರ ರೂಪಿಸಿದವನು, ಒಬ್ಬ ಕಮ್ಮಾರನ ಮಗ. ಕಮ್ಮಾರನ ಮಗನೇ ಬಡವರ ಕಲ್ಲು ಕಿತ್ತದ್ದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ.

ಐವತ್ತು ವರ್ಷ ಕಳೆಯಿತು. 1381ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ರೈತರ ದಂಗೆ ಎದ್ದಾಗ ಊರ ಜನ ಮಠಕ್ಕೆ ನುಗ್ಗಿದರು. ವಿಲಿಯಂ ಗ್ರಿಂಡ್‌ಕಾಬ್ ಅವರ ಮುಂದಾಳು. ಕೋಣೆಯ ನೆಲ ಅಗೆದು ಕಲ್ಲುಗಳನ್ನು ಹೊರತೆಗೆದು, ಒಡೆದು, ಚೂರುಗಳನ್ನು ಭಾನುವಾರ ಚರ್ಚಿನಲ್ಲಿ ಹಂಚುವ ಪ್ರಸಾದದ ರೊಟ್ಟಿಯಂತೆ ತಮ್ಮೊಳಗೆ ಹಂಚಿಕೊಂಡರು. ಇದನ್ನು ಬರೆದಿಟ್ಟವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗ್‌ಹ್ಯಾಮ್. ದಂಗೆಕೋರರನ್ನು ಅವನು ದ್ವೇಷಿಸುತ್ತಿದ್ದ. ಹಾಗಿದ್ದೂ ಆ ದೃಶ್ಯದ ಅರ್ಥ ಅವನ ಬರಹದಲ್ಲಿ ಮರೆಯಾಗಿಲ್ಲ.

ಇನ್ನೊಂದು ಬೇಡಿಕೆಯೂ ಇತ್ತು. 8ನೇ ಶತಮಾನದ ರಾಜ ಆಫಾ ತಮ್ಮ ಹಿರಿಯರಿಗೆ ಸ್ವಾತಂತ್ರ್ಯ ಕೊಟ್ಟ ಪತ್ರವೊಂದು ಮಠದಲ್ಲಿದೆ, ಅದರ ದೊಡ್ಡಕ್ಷರಗಳು ಚಿನ್ನ ಮತ್ತು ನೀಲಿ ಬಣ್ಣದವು, ಅದನ್ನು ಕೊಡಿ ಎಂದು ಜನ ಪಟ್ಟುಹಿಡಿದರು. ಅಂಥ ಪತ್ರವಿಲ್ಲ ಎಂದಿತು ಮಠ. ಪತ್ರದ ಬಣ್ಣದವರೆಗೆ ನೆನಪಿಟ್ಟ ಜನರನ್ನು ಅಜ್ಞಾನಿಗಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಮ್ಮನ್ನು ಆಳುವುದು ಬರಹ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗ್ರಿಂಡ್‌ಕಾಬ್‌ನನ್ನು ಮುಂದಿನ ತಿಂಗಳು ಗಲ್ಲಿಗೇರಿಸಿದರು.

ಮಾಟಗಾತಿ ಅಂತ ಹಳ್ಳಿ ಹೆಂಗಸರನ್ನು ಸುಡುತ್ತಿದ್ದದ್ದು ಈ ಕಾಲದಲ್ಲೇ ತಾನೆ?

ಬಹುತೇಕ ಅಲ್ಲ. 15ನೇ ಶತಮಾನದಲ್ಲಿ ಶುರುವಾಗಿ, ಉತ್ತುಂಗಕ್ಕೇರಿದ್ದು 1560ರಿಂದ 1630ರ ನಡುವೆ, ಅಂದರೆ ಪುನರುಜ್ಜೀವನ, ಮುದ್ರಣಗಳ ನಂತರ.

## ಹಸಿವು, ಪ್ಲೇಗ್, ದಂಗೆ

ಪ್ಲೇಗ್ ಬಗ್ಗೆ ಎಲ್ಲರೂ ಹೇಳ್ತಾರೆ. ಅದಕ್ಕಿಂತ ಮೊದಲು ಬರಗಾಲ ಬಂದಿತ್ತಾ?

ಬಂದದ್ದು ಬರವಲ್ಲ, ಮಳೆ. 1315ರ ವಸಂತದಲ್ಲಿ ಹಿಡಿದ ಮಳೆ ಬೇಸಿಗೆಯುದ್ದಕ್ಕೂ ಬಿಡಲಿಲ್ಲ. ಐರ್ಲೆಂಡಿನಿಂದ ಪೋಲೆಂಡಿನ ಕಡೆಯವರೆಗೆ ಕಾಳು ತೆನೆಯಲ್ಲೇ ಕೊಳೆಯಿತು, ಮೇವು ಒಣಗಲಿಲ್ಲ. ಬಿಸಿಲಿಲ್ಲದೆ ಉಪ್ಪು ಕಟ್ಟದೆ ಮಾಂಸ ಕೆಡದಂತೆ ಇಡುವ ದಾರಿಯೂ ತಪ್ಪಿತು. ಆ ಆಗಸ್ಟ್‌ನಲ್ಲಿ ರಾಜ ಎರಡನೇ ಎಡ್ವರ್ಡ್ ಸೇಂಟ್ ಆಲ್ಬನ್ಸ್‌ನಲ್ಲಿ ತಂಗಿದಾಗ ಅವನ ಪರಿವಾರಕ್ಕೇ ರೊಟ್ಟಿ ಸಿಗುವುದು ಕಷ್ಟವಾಯಿತು. 1316ರಲ್ಲೂ ಮಳೆ. ಹಸಿದವರು ಬಿತ್ತನೆ ಬೀಜ ತಿಂದರು. ಒಂದಕ್ಕೆ ಮೂರು ಬೆಳೆಯುವ ಹೊಲದಲ್ಲಿ ಬೀಜ ತಿಂದರೆ ಮುಂದಿನ ವರ್ಷವೂ ಹೋಯಿತೆಂದೇ ಅರ್ಥ. ಫ್ಲಾಂಡರ್ಸ್‌ನ ಈಪ್ರ್ ಪಟ್ಟಣ 1316ರ ಮೇಯಿಂದ ಅಕ್ಟೋಬರ್ ನಡುವೆ ತನ್ನ ಖರ್ಚಿನಲ್ಲಿ ಸುಮಾರು 2,800 ಹೆಣ ಹೂಳಿತು; ಅದು ಊರಿನ ಹತ್ತರಲ್ಲೊಂದು ಪಾಲು. ಹಿಂದೆಯೇ 1319ರಿಂದ ದನಗಳ ರೋಗ ಬಂದು ಉಳುವ ಎತ್ತುಗಳೂ ಸತ್ತವು. ಪ್ಲೇಗ್ ಬಂದು ಎರಗಿದ್ದು ಈ ಹಸಿವಿನಲ್ಲಿ ಬೆಳೆದ ತಲೆಮಾರಿನ ಮೇಲೆ.

ಪ್ಲೇಗಿನಿಂದ ಉಳಿದ ರೈತರಿಗೆ ಒಳ್ಳೆಯದೇ ಆಯಿತು ಅನ್ನೋದು ಸರಿನಾ?

ಅಂಕಿಗಳು ಹಾಗೆ ಹೇಳುತ್ತವೆ, ಆದರೆ ಅವು ಸಾವಿರಾರು ಊರುಗಳ ಸಾವಿನ ಮೇಲೆ ನಿಂತ ಅಂಕಿಗಳು. 1347ರ ಅಕ್ಟೋಬರ್‌ನಲ್ಲಿ ಸಿಸಿಲಿಯ ಮೆಸ್ಸೀನಾಗೆ ಬಂದ ರೋಗ 1348ರ ಬೇಸಿಗೆಯಲ್ಲಿ ಇಂಗ್ಲೆಂಡ್ ಮುಟ್ಟಿತು. ಮೂರರಲ್ಲೊಬ್ಬರಿಂದ ಇಬ್ಬರಲ್ಲೊಬ್ಬರವರೆಗೆ ಸತ್ತರು ಎಂಬುದು ಅಂದಾಜು. ಲಂಡನ್ನಿನ ಆ ಕಾಲದ ಸಮಾಧಿಯ ಹಲ್ಲುಗಳಿಂದ ತೆಗೆದ ಡಿಎನ್‌ಎ ಆಧರಿಸಿ 2011ರಲ್ಲಿ ಯೆರ್ಸಿನಿಯಾ ಪೆಸ್ಟಿಸ್ ಬ್ಯಾಕ್ಟೀರಿಯಾದ ಜೀನೋಮನ್ನೇ ಓದಿದ್ದಾರೆ.

ಆಳು ಕಡಿಮೆಯಾದರು, ಭೂಮಿ ಅಷ್ಟೇ ಇತ್ತು. ಕೂಲಿ ಏರಿತು. ಒಡೆಯರು ಸಂಸತ್ತಿನ ಮೂಲಕ 1351ರಲ್ಲಿ ಕಾರ್ಮಿಕರ ಶಾಸನ ತಂದರು: ಪ್ಲೇಗ್‌ಗೆ ಮೊದಲಿನ ಕೂಲಿಗಿಂತ ಹೆಚ್ಚು ಕೇಳುವಂತಿಲ್ಲ, ಕೊಡುವಂತಿಲ್ಲ. ಹೆಚ್ಚು ಕೊಟ್ಟಾದರೂ ಸುಗ್ಗಿ ಮುಗಿಸಬೇಕಾದ ಒಡೆಯರೇ ಅದನ್ನು ಮುರಿದರು. 15ನೇ ಶತಮಾನದ ಹೊತ್ತಿಗೆ ಬದಲಾವಣೆ ತಟ್ಟೆಯಲ್ಲೇ ಕಾಣುತ್ತಿತ್ತು. ನಾರ್ಫೋಕ್‌ನ ಸೆಜ್‌ಫರ್ಡ್‌ನಲ್ಲಿ ಸುಗ್ಗಿಯಾಳುಗಳಿಗೆ ಕೊಟ್ಟ ಊಟದ ಲೆಕ್ಕ ಉಳಿದಿದೆ. 1256ರಲ್ಲಿ ಅದರಲ್ಲಿ ಬಾರ್ಲಿ ರೊಟ್ಟಿಯದೇ ದೊಡ್ಡ ಪಾಲು. 1424ರ ಹೊತ್ತಿಗೆ ಗೋಧಿ ರೊಟ್ಟಿ ಬಂದಿತ್ತು, ಊಟದ ಮೌಲ್ಯದ ಕಾಲು ಭಾಗದ ಆಸುಪಾಸು ಮಾಂಸವಾಗಿತ್ತು.

1381ರ ದಂಗೆ ಬರೀ ತೆರಿಗೆಗಾಗಿ ಆದದ್ದಾ?

ತೆರಿಗೆ ಕಿಡಿ ಮಾತ್ರ. 1377ರಲ್ಲಿ ತಲೆಗೆ 4 ಪೆನ್ಸ್ ಇದ್ದ ತೆರಿಗೆ 1380ರ ಕೊನೆಗೆ 12 ಪೆನ್ಸ್ ಆಯಿತು. ಕೂಲಿಯಾಳಿಗೆ ಅದು ಮೂರು ನಾಲ್ಕು ದಿನದ ದುಡಿಮೆ. ಹೆಂಡತಿಗೆ ಬೇರೆ, ಹದಿನೈದು ದಾಟಿದ ಮಕ್ಕಳಿಗೆ ಬೇರೆ. 1381ರ ಮೇ 30ರಂದು ಎಸೆಕ್ಸ್‌ನ ಬ್ರೆಂಟ್‌ವುಡ್‌ನಲ್ಲಿ ಜನ ತಿರುಗಿಬಿದ್ದರು. ಎರಡು ವಾರದಲ್ಲಿ ಕೆಂಟ್, ಎಸೆಕ್ಸ್‌ನ ರೈತರು ಲಂಡನ್ನಿನೊಳಗಿದ್ದರು. ಆದಾಮ ಅಗೆಯುವಾಗ, ಈವ್ ನೂಲುವಾಗ ಒಡೆಯ ಯಾರಿದ್ದ ಎಂದು ಪಾದ್ರಿ ಜಾನ್ ಬಾಲ್ ಕೇಳಿದ್ದು ಆಗಲೇ.

ಜೂನ್ 14ರಂದು ಮೈಲ್ ಎಂಡ್‌ನಲ್ಲಿ ಹದಿನಾಲ್ಕು ವರ್ಷದ ರಾಜ ಎರಡನೇ ರಿಚರ್ಡ್‌ನ ಮುಂದೆ ಇಟ್ಟ ಬೇಡಿಕೆ ನೋಡಿ: ವಿಲನ್ ಸ್ಥಿತಿ ರದ್ದಾಗಬೇಕು, ಎಕರೆಗೆ 4 ಪೆನ್ಸ್ ಗೇಣಿ ಸಾಕು. ರಾಜ ಒಪ್ಪಿ ಪತ್ರ ಬರೆಸಿಕೊಟ್ಟ. ಅದೇ ದಿನ ಇನ್ನೊಂದು ಗುಂಪು ಟವರ್ ಕೋಟೆಯಲ್ಲಿದ್ದ ಆರ್ಚ್‌ಬಿಷಪ್ ಸಡ್ಬರಿ ಮತ್ತು ಖಜಾಂಚಿ ಹೇಲ್ಸ್‌ರ ತಲೆ ಕಡಿಯಿತು. ಮರುದಿನ ಸ್ಮಿತ್‌ಫೀಲ್ಡ್‌ನಲ್ಲಿ ಮಾತುಕತೆಯ ನಡುವೆ ಮುಂದಾಳು ವಾಟ್ ಟೈಲರ್‌ನನ್ನು ಇರಿದು ಕೊಂದರು. ಜುಲೈ 2ರಂದು ರಾಜ ತಾನು ಕೊಟ್ಟ ಪತ್ರಗಳನ್ನೆಲ್ಲ ರದ್ದು ಮಾಡಿದ. ಹಳ್ಳಿಹಳ್ಳಿಗಳಲ್ಲಿ ದಂಗೆಕೋರರು ಮೊದಲು ಹುಡುಕಿ ಸುಟ್ಟದ್ದು ಮ್ಯಾನರ್‌ನ ನ್ಯಾಯಸಭೆಯ ಸುರುಳಿಗಳನ್ನು, ಏಕೆಂದರೆ ಯಾರು ಬಿಟ್ಟಿಯಾಳು, ಯಾರು ಅಲ್ಲ ಎಂದು ಬರೆದಿದ್ದದ್ದು ಅವುಗಳಲ್ಲೇ.

ರೈತರು ಯಾವಾಗಲೂ ಸೋತರಾ?

ಹೆಚ್ಚಾಗಿ ಸೋತರು. 1234ರಲ್ಲಿ ಬ್ರೆಮೆನ್ ಬಳಿಯ ಸ್ಟೆಡಿಂಗರ್ ರೈತರು ಕಂದಾಯ ಕೊಡಲು ಒಪ್ಪದಾಗ ಆರ್ಚ್‌ಬಿಷಪ್ ಅವರನ್ನು ಧರ್ಮದ್ರೋಹಿಗಳೆಂದು ಸಾರಿಸಿ ಧರ್ಮಯುದ್ಧವನ್ನೇ ಕರೆದ, ಆಲ್ಟೆನೆಶ್‌ನಲ್ಲಿ ಅವರನ್ನು ಕೊಚ್ಚಿಹಾಕಲಾಯಿತು. 1358ರಲ್ಲಿ ಉತ್ತರ ಫ್ರಾನ್ಸಿನ ಜಾಕ್ರೀ ದಂಗೆ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಮುಗಿಯಿತು. ಆದರೆ 1500ರ ಫೆಬ್ರವರಿಯಲ್ಲಿ, ಇಂದಿನ ಉತ್ತರ ಜರ್ಮನಿಯ ಡಿಟ್‌ಮಾರ್ಷೆನ್‌ನಲ್ಲಿ, ಡೆನ್ಮಾರ್ಕ್ ರಾಜ ಹಾನ್ಸ್‌ನ ದೊಡ್ಡ ಸೈನ್ಯವನ್ನು ರೈತರು ಹೆಮ್ಮಿಂಗ್‌ಸ್ಟೆಟ್ ಬಳಿ ಸೋಲಿಸಿದರು. ಸಮುದ್ರಕ್ಕೆ ಕಟ್ಟಿದ ತೂಬು ತೆರೆದು ಹೊಲಗಳಿಗೆ ನೀರು ಬಿಟ್ಟರು. ರಕ್ಷಾಕವಚ ತೊಟ್ಟ ಸೈನಿಕರು ಇಕ್ಕಟ್ಟಿನ ದಾರಿಯಲ್ಲಿ, ಕೆಸರಿನಲ್ಲಿ ಸಿಕ್ಕಿಬಿದ್ದರು. ಮುಂದೆ 1559ರವರೆಗೆ ಅವರು ಸ್ವತಂತ್ರರಾಗಿಯೇ ಉಳಿದರು. ಕ್ಯಾಟಲೋನಿಯಾದವರೂ 1486ರಲ್ಲಿ, ಹಣ ಕಟ್ಟಿಯಾದರೂ, ಬಿಡುಗಡೆ ಪಡೆದರು.

## ಇನ್ನಷ್ಟು ಆಳಕ್ಕೆ

ಇಂಗ್ಲೆಂಡಿನಲ್ಲಿ ಸರ್ಫ್ ಪದ್ಧತಿಯನ್ನು ರದ್ದು ಮಾಡಿದ ಕಾನೂನು ಯಾವುದು?

ಅಂಥ ಕಾನೂನೇ ಇಲ್ಲ. ಅದು ಸವೆದು ಹೋಯಿತು. ಬಿಟ್ಟಿಯ ಬದಲು ಹಣ, ಆಮೇಲೆ ಗೇಣಿ, ಆಮೇಲೆ ನ್ಯಾಯಸಭೆಯ ದಾಖಲೆಯ ಪ್ರತಿಯನ್ನೇ ಹಕ್ಕುಪತ್ರವಾಗಿ ಹಿಡಿದ ಒಕ್ಕಲುತನ. ಹಿಂದೆ ಗುಲಾಮಿಯ ಸಾಕ್ಷಿಯಾಗಿದ್ದ ಸುರುಳಿಯೇ ಕೊನೆಗೆ ಒಕ್ಕಲಿನ ರಕ್ಷಣೆಯಾಯಿತು. 1574ರಲ್ಲಿ ಮೊದಲನೇ ಎಲಿಜಬೆತ್ ರಾಣಿ ತನ್ನ ಕೆಲವು ಭೂಮಿಗಳಲ್ಲಿ ಉಳಿದಿದ್ದ ಬಿಟ್ಟಿಯಾಳುಗಳನ್ನು, ಹಣ ಪಡೆದು, ಬಿಡುಗಡೆ ಮಾಡಲು ಹೊರಟಳು. ಈ ಸ್ಥಿತಿಯ ಬಗ್ಗೆ ಕೊನೆಯ ಮೊಕದ್ದಮೆ 1618ರ ಸುಮಾರಿನದು.

ಪಶ್ಚಿಮದಲ್ಲಿ ಸಡಿಲವಾದದ್ದು ಪೂರ್ವದಲ್ಲಿ ಬಿಗಿಯಾದದ್ದು ಯಾಕೆ?

ಆಳುಗಳ ಕೊರತೆ ಎರಡೂ ಕಡೆ ಇತ್ತು, ಫಲ ವಿರುದ್ಧ. ಎಲ್ಬೆಯ ಪೂರ್ವಕ್ಕೆ, ಪೋಲೆಂಡ್, ಪ್ರಷ್ಯಾಗಳಲ್ಲಿ ಬಾಲ್ಟಿಕ್ ಬಂದರುಗಳ ಮೂಲಕ ಪಶ್ಚಿಮಕ್ಕೆ ಕಾಳು ಮಾರಿ ಲಾಭ ಕಂಡ ಒಡೆಯರು ರೈತರನ್ನು ಭೂಮಿಗೆ ಮತ್ತೆ ಕಟ್ಟಿದರು. ರಷ್ಯಾದಲ್ಲಿ 1649ರ ಶಾಸನ ಅದನ್ನು ಪೂರ್ಣಗೊಳಿಸಿತು, ಬಿಡುಗಡೆ 1861ರಲ್ಲಿ. ಜನಸಂಖ್ಯೆಯೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕವಾದದ್ದು ಊರಿನ ಒಗ್ಗಟ್ಟು ಮತ್ತು ಹತ್ತಿರದಲ್ಲೊಂದು ಬಲವಾದ ಪಟ್ಟಣ. ಓಡಿಹೋಗಲು ಜಾಗ, ಕೂಡಿ ನಿಲ್ಲಲು ಹಳೆಯ ಕಟ್ಟಳೆ ಇದ್ದಲ್ಲಿ ಒಡೆಯ ಚೌಕಾಶಿಗೆ ಇಳಿಯಬೇಕಾಯಿತು.

ಓದುಬರಹ ಬಾರದ ರೈತರ ಬಗ್ಗೆ ಇಷ್ಟೆಲ್ಲ ಹೇಗೆ ಗೊತ್ತು?

ಬಹುಪಾಲು ಅವರಿಂದ ವಸೂಲಿ ಮಾಡಿದವರ ಲೆಕ್ಕಗಳಿಂದ. ಪ್ಯಾರಿಸ್‌ನ ಸೇಂಟ್ ಜೆರ್ಮೇನ್ ಮಠ 9ನೇ ಶತಮಾನದಲ್ಲಿ ಮಾಡಿಸಿದ ಪಟ್ಟಿಯಲ್ಲಿ ಒಕ್ಕಲುಗಳ, ಹೆಂಡತಿ ಮಕ್ಕಳ ಹೆಸರುಗಳಿವೆ. ವಿಂಚೆಸ್ಟರ್ ಬಿಷಪ್‌ನ ಎಸ್ಟೇಟಿನ ವಾರ್ಷಿಕ ಲೆಕ್ಕ 1208ರಿಂದ ಸಿಗುತ್ತದೆ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂಬುದರ ಸಹಿತ. 1085ರ ಕ್ರಿಸ್‌ಮಸ್‌ನಲ್ಲಿ ವಿಜೇತ ವಿಲಿಯಂ ಆಜ್ಞಾಪಿಸಿ ಮರುವರ್ಷ ನಡೆಸಿದ ಡೂಮ್ಸ್‌ಡೇ ಗಣತಿ 13,000ಕ್ಕೂ ಹೆಚ್ಚು ಊರುಗಳ ನೇಗಿಲು, ಗಿರಣಿ, ಹಂದಿಗಳನ್ನು ಎಣಿಸಿತು. ಸುಮಾರು ಮುನ್ನೂರು ವರ್ಷಗಳ ನಂತರ, 1377ರಲ್ಲಿ, ದಕ್ಷಿಣ ಇಂಗ್ಲೆಂಡಿನ ಸುಮಾರು 40 ಹಳ್ಳಿಗಳ ರೈತರು ಹಣ ಕೂಡಿಸಿ ಅದೇ ಪುಸ್ತಕದ ಅಧಿಕೃತ ಪ್ರತಿಗಳನ್ನು ಪಡೆದು, ತಮ್ಮದು ಹಿಂದೆ ರಾಜನ ಭೂಮಿ, ಹಾಗಾಗಿ ಬಿಟ್ಟಿ ಮಾಡುವುದಿಲ್ಲ ಎಂದು ವಾದಿಸಿದರು. ವಾದ ಬಿದ್ದುಹೋಯಿತು. ಆದರೆ ರಾಜ ತೆರಿಗೆಗೆ ಮಾಡಿಸಿದ ಪುಸ್ತಕವನ್ನು ರೈತರು ತಮ್ಮ ವಕೀಲನಾಗಿ ಮಾಡಿಕೊಂಡದ್ದು ಸಣ್ಣ ಬುದ್ಧಿವಂತಿಕೆಯಲ್ಲ.

ರೈತರ ಮಾತು ನೇರವಾಗಿ ಕೇಳಿಸುವ ಅಪರೂಪದ ಜಾಗ ದಕ್ಷಿಣ ಫ್ರಾನ್ಸಿನ ಪಿರನೀಸ್ ಬೆಟ್ಟದ ಮೊಂತಾಯು ಹಳ್ಳಿ. 1318ರಿಂದ 1325ರವರೆಗೆ ಪಾಮಿಯೆ ಬಿಷಪ್ ಜಾಕ್ ಫೂರ್ನಿಯೆ ಧರ್ಮದ್ರೋಹದ ವಿಚಾರಣೆ ನಡೆಸಿ ಉತ್ತರಗಳನ್ನು ಬರೆಸಿದ. ಕುರುಬ ಪಿಯೆರ್ ಮೋರಿ ಬೇಸಿಗೆ ಚಳಿಗಾಲದ ಮೇವಿನ ದಾರಿ, ಗೆಳೆತನ, ದೇವರ ಬಗ್ಗೆ ಮಾತಾಡುತ್ತಾನೆ. ಹೆಂಗಸರು ಪರಸ್ಪರ ಹೇನು ತೆಗೆಯುತ್ತಾ ಸ್ವರ್ಗ ನರಕ ಚರ್ಚಿಸುತ್ತಾರೆ. ಫೂರ್ನಿಯೆ ಮುಂದೆ ಪೋಪ್ ಆದದ್ದರಿಂದ ಆ ದಾಖಲೆ ವ್ಯಾಟಿಕನ್‌ನಲ್ಲಿ ಉಳಿಯಿತು. ಓದುವಾಗ ಒಂದನ್ನು ಮರೆಯಬಾರದು: ಇವರೆಲ್ಲ ಮಾತಾಡುತ್ತಿರುವುದು ಭಯದಲ್ಲಿ.

ಬರಹವಿಲ್ಲದಲ್ಲಿ ಮಣ್ಣು ನೆರವಾಗುತ್ತದೆ. ಯಾರ್ಕ್‌ಶೈರ್‌ನ ವಾರಮ್ ಪರ್ಸಿ ಎಂಬ ಪಾಳು ಹಳ್ಳಿಯನ್ನು 1950ರಿಂದ 1990ರವರೆಗೆ ಅಗೆದು ನೋಡಿದ್ದಾರೆ. ಅಲ್ಲಿ ಸಿಕ್ಕ ಸುಮಾರು 700 ಅಸ್ಥಿಪಂಜರಗಳು ಊಟ, ರೋಗ, ಮಕ್ಕಳ ಬೆಳವಣಿಗೆಯ ಬಗ್ಗೆ ಹೇಳಿದಷ್ಟು ಯಾವ ಸುರುಳಿಯೂ ಹೇಳುವುದಿಲ್ಲ. ಆ ಊರು ಖಾಲಿಯಾದದ್ದು ಪ್ಲೇಗಿನಿಂದಲ್ಲ. 1500ರ ಸುಮಾರಿಗೆ ಒಡೆಯರಿಗೆ ಒಕ್ಕಲಿಗಿಂತ ಕುರಿ ಲಾಭದಾಯಕವಾಗಿ ಕಂಡಿತು.

ಇಂಗ್ಲೆಂಡಿನಲ್ಲಿದ್ದೇನೆ. ಇಂಥ ಹೊಲ ಈಗಲೂ ನೋಡಲು ಸಿಗುತ್ತಾ?

ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಗೆ ಹೋಗಿ. ಮೂರು ಬಯಲು ಹೊಲಗಳ ಸರದಿ ಅಲ್ಲಿ ಇನ್ನೂ ನಡೆಯುತ್ತಿದೆ. ಚಳಿಗಾಲದ ಆರಂಭದಲ್ಲಿ ರೈತರ ತಂಡವೊಂದು ಹೊಲಕ್ಕಿಳಿದು, ಯಾರಾದರೂ ಗಡಿ ಒತ್ತಿ ಉತ್ತಿದ್ದಾರೆಯೇ ಎಂದು ನೋಡಿ ಗೂಟ ನೆಡುತ್ತದೆ, ತಪ್ಪಿದವರಿಗೆ ಊರ ನ್ಯಾಯಸಭೆ ದಂಡ ಹಾಕುತ್ತದೆ. ಅಲ್ಲಿರುವ ಸಣ್ಣ ಮಾಹಿತಿ ಕೇಂದ್ರದಲ್ಲಿ ಮೊದಲು ನಕ್ಷೆ ನೋಡಿಕೊಂಡು ಹೊರಟರೆ ಯಾವ ಬಯಲು ಈ ವರ್ಷ ಬೀಳು ಎಂದು ಗುರುತಿಸುವುದು ಸುಲಭ.